ಕೆಂಪು ದಿನ, ಕಪ್ಪು ದಿನ

ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ಬಚ್ಚಲಿಗೆ ಒಂದೇ ಒಂದು ಗವಾಕ್ಷಿ ಇತ್ತು. ಅದಕ್ಕೆ ಹಳೆಯ ಕಂಬಳಿ ತುರುಕಿ, ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ಒತ್ತಿ, ಒಳಗಿನಿಂದ ಚಿಲಕ ಹಾಕಿಕೊಂಡರೆ ಅದೇ ನನ್ನ ಡಾರ್ಕ್‌ರೂಮು. ಒಂದು ಮೂಲೆಯಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಮಣ್ಣು ಮೆತ್ತಿದ ಒಲೆ, ಇನ್ನೊಂದು ಮೂಲೆಯಲ್ಲಿ ನೀರಿನ ತೊಟ್ಟಿ. ಉಳಿದ ಜಾಗದಲ್ಲಿ ಸ್ನಾನದ ಮಣೆ ಹಾಕಿಕೊಂಡು ಕೂತರೆ ಮೊಣಕಾಲಿಗೆ ತೊಟ್ಟಿ ತಗಲುತ್ತಿತ್ತು. ಮನೆಯವರ ಸ್ನಾನ, ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು ಎಲ್ಲ ಮುಗಿದ ಮೇಲೆ, ಊಟವಾದ ನಂತರದ ಹೊತ್ತು ಮಾತ್ರ ಬಚ್ಚಲು ನನ್ನದು. ಸಂಜೆ ಅಪ್ಪ ಫ್ಯಾಕ್ಟರಿಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಫೋಟೋ ತೊಳೆಯುವ ಹೈಪೋದ ವಾಸನೆ ಹೋಗುವಂತೆ ನೀರು ಹಾಕಿ ಗುಡಿಸಿಬಿಡಬೇಕು. ಇದು ಅಮ್ಮನ ಕರಾರು.

ಎಂಬತ್ತರ ದಶಕದ ನಡುವಿನ ವರ್ಷಗಳು. ವಿಜಯನಗರದ ಕಡೆಯ ಒಂದು ಕಾಲೇಜಿನಲ್ಲಿ ನಾನು ಬಿ.ಎ. ಓದುತ್ತಿದ್ದೆ. ಅಲ್ಲಿ ಪಾಠದ ಜೊತೆಗೆ ಕೈಕೆಲಸ ಒಂದನ್ನು ಕಲಿಯಬೇಕಿತ್ತು: ಟೈಪಿಂಗ್, ಹೊಲಿಗೆ, ಇಲ್ಲವೇ ಫೋಟೋಗ್ರಫಿ. ನಾನು ಫೋಟೋಗ್ರಫಿಗೆ ಹೆಸರು ಕೊಟ್ಟು ಬಂದೆ. ಅಪ್ಪ ಬೈಯಲಿಲ್ಲ, ಹೂಂ ಎನ್ನಲೂ ಇಲ್ಲ. ಫ್ಯಾಕ್ಟರಿಯಲ್ಲಿ ಅವರು ಫಿಟ್ಟರ್. ಯಾವುದೇ ಮಾತನ್ನು ಎರಡು ಸಲ ಅಳೆದು ಆಮೇಲೆ ಆಡುವವರು.

"ಟೈಪಿಂಗ್ ಕಲಿತ್ರೆ ನಾಳೆ ಒಂದು ಆಫೀಸಲ್ಲಿ ಕೂರಬಹುದು. ಇದನ್ನ ಕಲಿತು ಎಲ್ಲಿ ಕೂರ್ತೀಯ?" ಎಂದರು.

"ಬಚ್ಚಲಲ್ಲಿ," ಎಂದಳು ಅಮ್ಮ, ಕೊತ್ತಂಬರಿ ಸೊಪ್ಪು ಬಿಡಿಸುತ್ತಾ.

ಅಪ್ಪ ನಗಲಿಲ್ಲ. "ಈ ಟರ್ಮ್ ನೋಡೋಣ. ನಿಮ್ಮ ಸಾರ್ ನಿನ್ನ ಆಲ್ಬಮ್ ಒಪ್ಕೊಂಡ್ರೆ ಮುಂದುವರಿಸು. ಇಲ್ಲಾಂದ್ರೆ ಟೈಪಿಂಗಿಗೆ ಬದಲಾಯಿಸ್ಕೊ. ಆಮೇಲೆ ಅಳಬಾರದು."

ಹೀಗೆ ನನ್ನ ಫೋಟೋಗ್ರಫಿ ಎಲ್ಲವೂ ಒಂದು ಆಲ್ಬಮ್ಮಿನ ಮೇಲೆ ನಿಂತಿತು.

ನಮ್ಮ ಮೇಷ್ಟ್ರಿಗೆ ಚಂದದ ಫೋಟೋ ಎಂದರೆ ಆಗುತ್ತಿರಲಿಲ್ಲ. "ಸೂರ್ಯಾಸ್ತ ತಂದ್ರೆ ಫೇಲು, ಗುಲಾಬಿ ತಂದ್ರೆ ಫೇಲು," ಎಂದು ಮೊದಲೇ ಹೇಳಿಬಿಟ್ಟಿದ್ದರು. ಪ್ರಾಜೆಕ್ಟಿಗೆ ಅವರು ಕೊಟ್ಟಿದ್ದು ಬೇರೆ ಬೇರೆ ವಿಧಾನಗಳನ್ನು. ಬೆಳಕಿಗೆ ಎದುರಾಗಿ ನಿಂತು ತೆಗೆದದ್ದು, ಓಡುವ ವಸ್ತುವಿನ ಜೊತೆಗೇ ಕ್ಯಾಮೆರಾ ತಿರುಗಿಸಿ ತೆಗೆದದ್ದು, ಮೂಗು ತಾಗುವಷ್ಟು ಹತ್ತಿರದಿಂದ ತೆಗೆದದ್ದು, ಒಂದೇ ಚೌಕದಲ್ಲಿ ಎರಡು ಚಿತ್ರ ಬೆರೆಸಿದ್ದು. ಎಲ್ಲದರ ಕೊನೆಗೆ, ಕ್ಯಾಮೆರಾ ಇಲ್ಲದೆ ಮಾಡಿದ್ದು. ಆ ಕೊನೆಯದನ್ನು ಅವರು ಕ್ಲಾಸಿನಲ್ಲಿ ಒಮ್ಮೆ ತೋರಿಸಿದ್ದರು. ಫೋಟೋ ಕಾಗದದ ಮೇಲೆ ಬೀಗದ ಕೈ ಇಟ್ಟು, ಒಂದು ಕ್ಷಣ ದೀಪ ಹಾಕಿ ಆರಿಸಿ, ಕಾಗದವನ್ನು ಚಿತ್ರ ಮೂಡಿಸುವ ಡೆವಲಪರ್‌ನಲ್ಲಿ ಅದ್ದಿದರೆ ಬೆಳಕು ಬಿದ್ದ ಕಡೆಯೆಲ್ಲ ಕಪ್ಪಾಗಿ, ಬೀಗದ ಕೈ ಮಾತ್ರ ಬೆಳ್ಳಗೆ ಉಳಿಯಿತು. ನಾವೆಲ್ಲ ನೋಡಿ ಮರೆತೆವು. ಕೈಯಲ್ಲಿ ಕ್ಯಾಮೆರಾ ಇರುವಾಗ ಬೀಗದ ಕೈ ಯಾರಿಗೆ ಬೇಕು?

ಕ್ಯಾಮೆರಾ ಕಾಲೇಜಿನದು. ಇಬ್ಬಿಬ್ಬರಿಗೆ ಒಂದು ವಾರ, ಜೊತೆಗೆ ಒಂದು ರೋಲ್ ಕಪ್ಪು ಬಿಳುಪು ಫಿಲಂ. ವಾರ ಮುಗಿದರೆ ಮುಂದಿನ ಜೋಡಿಗೆ ಕೊಡಬೇಕು. ಮತ್ತೆ ಸಿಗುವುದು ಮುಂದಿನ ಟರ್ಮಿಗೇ. ನನ್ನ ಜೋಡಿ ಕೆಂಗೇರಿಯ ಹುಡುಗಿ. ಅವರ ಮನೆ ಸ್ಟೇಷನ್ನಿನ ಹಿಂಬದಿಗಿತ್ತು. ಮೈಸೂರಿನ ಕಡೆ ಹೋಗುವ ಹೊಗೆಬಂಡಿ ಅವರ ಹಿತ್ತಿಲಿನ ಬಟ್ಟೆಗೆಲ್ಲ ಮಸಿ ಹಚ್ಚಿ ಹೋಗುತ್ತಿತ್ತಂತೆ. ಮೊದಲರ್ಧ ವಾರ, ಮೊದಲರ್ಧ ರೋಲು ಅವಳದು. ಕ್ಯಾಮೆರಾ ಕೊಡಲು ಬಂದಾಗ ಅವಳ ದುಪಟ್ಟಾದಲ್ಲೂ ಮಸಿ ಇತ್ತು.

"ಇಂಜಿನ್ನು ನನ್ನ ಮೇಲೇ ಬಂತು ಕಣೇ. ಗಾರ್ಡು ಕೆಂಪು ಬಾವುಟ ತೋರಿಸಿ ಬೈದ. ನನ್ನ ಹೊಗೆಯೆಲ್ಲ ನಿನ್ನ ಕೈಯಲ್ಲಿದೆ, ಹುಷಾರು," ಎಂದು ಕ್ಯಾಮೆರಾದ ಪಟ್ಟಿಯನ್ನು ತಾನೇ ನನ್ನ ಕೊರಳಿಗೆ ಹಾಕಿದಳು.

ಮಿಕ್ಕ ವಾರ ನಾನು ಸುತ್ತಿದೆ. ಬಸವೇಶ್ವರನಗರದಲ್ಲಿ ಆಗ ಇನ್ನೂ ಮನೆಗಳು ಏಳುತ್ತಿದ್ದವು. ಸರ್ವೆ ಕಂಬಗಳ ಸಾರುವೆ, ಅದರ ಹಿಂದೆ ಬೆಳಗಿನ ಸೂರ್ಯ, ತಲೆಯ ಮೇಲೆ ಇಟ್ಟಿಗೆ ಹೊತ್ತು ಏರುವ ಹೆಂಗಸು. ಅವಳು ನಿಂತು, "ಯಾವ ಪೇಪರ್‌ಗಮ್ಮ?" ಎಂದು ಕೇಳಿದಳು. "ಕಾಲೇಜಿಗೆ" ಎಂದೆ. "ಅಷ್ಟೇನಾ" ಎಂದು ಇಟ್ಟಿಗೆ ಸರಿಮಾಡಿಕೊಂಡು ಏರಿದಳು. ಜ್ಞಾನಭಾರತಿಯ ಬಂಡೆಗಳ ನಡುವೆ ಮೊಣಕಾಲೂರಿ ಒಣಹುಲ್ಲಿನ ತುದಿ ತೆಗೆದೆ. ಹೊಸಹಳ್ಳಿಯಲ್ಲಿ ಒಂದು ಎಮ್ಮೆ ತನ್ನ ಕಣ್ಣನ್ನು ಲೆನ್ಸಿನ ಹತ್ತಿರ ತರಲು ಬಿಟ್ಟಿತು. ಬಹಳ ತಾಳ್ಮೆಯ ಎಮ್ಮೆ. ಅಲ್ಲಿ ಕಟ್ಟೆಯ ಮೇಲೆ ಕೂತಿದ್ದ ಹುಡುಗರು, "ಮಗಾ, ಹೀರೋಯಿನ್ ಯಾರೋ?" "ಎಮ್ಮೆ ಕಣೋ, ಕಾಣಲ್ವಾ," ಎಂದು ಮಾತಾಡಿಕೊಂಡರು. ಕೊನೆಗೆ ಅಪ್ಪನ ಸೈಕಲ್ ಚಕ್ರದ ಮೇಲೆ ರುಬ್ಬುವ ಕಲ್ಲಿನ ಮುಂದೆ ಕೂತ ಅಮ್ಮನನ್ನು ಬೆರೆಸಿದೆ. ಮನಸ್ಸಿನಲ್ಲಿ ಅದು ಆಲ್ಬಮ್ಮಿನ ಮೊದಲ ಪುಟ ಎಂದು ತೀರ್ಮಾನವೂ ಆಗಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಅಲ್ಲಿಯವರೆಗೆ ಫಿಲಂ ತೊಳೆಯುವ ಕೆಲಸ ಮೇಷ್ಟ್ರದಾಗಿತ್ತು. ನಾನು ಮನೆಯಲ್ಲಿ ಮಾಡುತ್ತಿದ್ದುದು ಕಾಗದದ ಕೆಲಸ ಮಾತ್ರ. ತೊಳೆದ ಫಿಲಂ ಅನ್ನು ಕಾಗದದ ಮೇಲಿಟ್ಟು ಗಾಜು ಮುಚ್ಚಿ ಸಣ್ಣ ಸಣ್ಣ ಪ್ರಿಂಟು ತೆಗೆಯುವುದು. ಆ ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ. ಆದ್ದರಿಂದ ಬಚ್ಚಲಲ್ಲಿ ಒಂದು ಕೆಂಪು ಜೀರೋ ಬಲ್ಬು ಹಾಕಿಕೊಂಡಿದ್ದೆ. ಮೊದಲ ದಿನ ಅಮ್ಮ ಒಳಗೆ ಇಣುಕಿ, "ದೀಪ ಉರೀತಾ ಇದೆಯಲ್ಲೇ, ಹಾಳಾಗಲ್ವಾ?" ಎಂದಿದ್ದಳು. "ಕೆಂಪು ಬೆಳಕು ಏನೂ ಮಾಡಲ್ಲಮ್ಮ" ಎಂದಿದ್ದೆ. ಅಮ್ಮ ಯಾವುದನ್ನೂ ಅರ್ಧ ಕೇಳುವವಳಲ್ಲ. ಕೇಳಿದ್ದನ್ನು ಮರೆಯುವವಳೂ ಅಲ್ಲ. ರಾಸಾಯನಿಕಗಳಿಗೆ ಅಡುಗೆಮನೆಯ ಪಾತ್ರೆ ಕೊಡುವುದಿಲ್ಲ ಎಂದವಳು, ಅಂಚು ಚಕ್ಕೆ ಎದ್ದ ಮೂರು ಪಿಂಗಾಣಿ ತಟ್ಟೆಗಳನ್ನು ಅಟ್ಟದಿಂದ ಇಳಿಸಿ ಕೊಟ್ಟಳು.

ಈ ಸಲ ಫಿಲಂ ಕೂಡ ನಾವೇ ತೊಳೆಯಬೇಕು, ಅದಕ್ಕೂ ಮಾರ್ಕ್ಸ್ ಇದೆ ಎಂದರು ಮೇಷ್ಟ್ರು. ಫಿಲಂ ಎಂದರೆ ಕಾಗದದ ಹಾಗಲ್ಲ. ಅದಕ್ಕೆ ಕೆಂಪೂ ಕಾಣುತ್ತದೆ. ಗಾಢ ಕತ್ತಲಲ್ಲಿ ಅದನ್ನು ಡಬ್ಬಿಯಿಂದ ತೆಗೆದು, ಪ್ಲಾಸ್ಟಿಕ್ಕಿನ ಸುರುಳಿಗೆ ಕೈಯಂದಾಜಿನಲ್ಲಿ ಸುತ್ತಿ, ಬೆಳಕು ಹೋಗದ ಟ್ಯಾಂಕಿನೊಳಗೆ ಹಾಕಿ ಮುಚ್ಚಬೇಕು. ಆಮೇಲೆ ದೀಪ ಹಾಕಬಹುದು. ಇದು ನನಗೆ ಗೊತ್ತಿತ್ತು. ಅಮ್ಮನಿಗೆ ಯಾರೂ ಹೇಳಿರಲಿಲ್ಲ.

ಡಿಸೆಂಬರಿನ ಭಾನುವಾರ. ಆಗಿನ ಬೆಂಗಳೂರಿನ ಚಳಿಗೆ ತೊಟ್ಟಿಯ ನೀರು ಮುಟ್ಟಿದರೆ ಬೆರಳು ಸೆಟೆಯುತ್ತಿತ್ತು. ಡೆವಲಪರ್‌ಗೆ ಉಗುರುಬೆಚ್ಚಗಿನ ನೀರು ಬೇಕು ಎಂದು ನಾನು ಹಿಂದಿನ ದಿನವೇ ಹೇಳಿದ್ದೆ. ಊಟವಾದ ಮೇಲೆ ಬಚ್ಚಲಿಗೆ ಹೋದೆ. ಒಲೆಯಲ್ಲಿ ಬೂದಿ ಬಿಟ್ಟು ಏನೂ ಕಾಣಲಿಲ್ಲ. ಕಂಬಳಿ ತುರುಕಿದೆ, ಗೋಣಿಚೀಲ ಒತ್ತಿದೆ, ಕೆಂಪು ಬಲ್ಬನ್ನೂ ಆರಿಸಿದೆ. ಕಣ್ಣ ಮುಂದೆ ಕೈ ಆಡಿಸಿ ನೋಡಿದೆ. ಕೈ ಕಾಣಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಫಿಲಂ ಸುತ್ತತೊಡಗಿದೆ. ಅರ್ಧಕ್ಕೆ ಬಂದಿರಬೇಕು, ಯಾಕೋ ಎದುರಿನ ತೊಟ್ಟಿಯ ಅಂಚು ಕಾಣಿಸಿತು.

ಕತ್ತಲಲ್ಲಿ ತೊಟ್ಟಿಯ ಅಂಚು ಕಾಣಬಾರದು. ತಿರುಗಿ ನೋಡಿದರೆ ಹಂಡೆಯ ಕೆಳಗೆ ಬೂದಿ ಬಿರುಕು ಬಿಟ್ಟು, ಒಳಗಿದ್ದ ತೆಂಗಿನ ಮಟ್ಟೆ ಹಣ್ಣಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

ಎರಡು ಕೈಯಲ್ಲೂ ಫಿಲಂ. ಬಾಗಿಲು ತೆಗೆದರೆ ಮಧ್ಯಾಹ್ನದ ಬಿಸಿಲು. ನೀರು ಎರಚೋಣ ಎಂದರೆ ಚೊಂಬು ಎಲ್ಲಿದೆಯೋ, ಫಿಲಮ್ಮಿಗೆ ಸಿಡಿದರೆ ಅದೂ ಹಾಳು. ಒಲೆಗೆ ಬೆನ್ನು ಮಾಡಿ, ಸೆರಗಿನಂತೆ ದುಪಟ್ಟಾ ಮುಂದಕ್ಕೆ ಎಳೆದು, ಬೇಗ ಬೇಗ ಸುತ್ತಲು ಹೋದೆ. ಬೆವೆತ ಬೆರಳಿಗೆ ಫಿಲಂ ಅಂಟಿಕೊಂಡು ಸುರುಳಿ ಸಿಕ್ಕಿಹಾಕಿಕೊಂಡಿತು.

"ಅಮ್ಮಾ, ಒಲೆಗೆ ಏನು ಹಾಕಿದ್ಯಾ?"

"ಮಟ್ಟೆ ಹಾಕಿ ಬೂದಿ ಮುಚ್ಚಿದ್ದೆ ಕಣೇ. ನೀರು ಬೆಚ್ಚಗಿರ್ಲಿ ಅಂತ. ಆಗ್ಲೇ ಕಾದಿರ್ಬೇಕು ನೋಡು." ಬಾಗಿಲಾಚೆ ಅಮ್ಮನ ದನಿಯಲ್ಲಿ ಸಂತೋಷವಿತ್ತು.

"ಬೆಳಕು ಬರ್ತಾ ಇದೆ."

"ಬರ್ಲಿ ಬಿಡು. ಕೆಂಪಗೇ ಇದೆ ತಾನೆ?"

ನಾನು ಸಿಕ್ಕಾದ ಸುರುಳಿಯನ್ನು ಬಿಡಿಸುತ್ತಲೇ ಇದ್ದೆ.

"ಕೆಂಪು ಏನೂ ಮಾಡಲ್ಲ ಅಂದಿದ್ಯಲ್ಲೇ," ಎಂದಳು ಅಮ್ಮ. ಈ ಸಲ ದನಿ ಸ್ವಲ್ಪ ಇಳಿದಿತ್ತು.

ಹೇಗೋ ಸುತ್ತಿ ಮುಗಿಸಿ, ತೊಳೆದು ಒಣಗಲು ಹಾಕಿದ ಫಿಲಂ ಹಗ್ಗದ ಮೇಲೆ ಅಪ್ಪನ ಬನಿಯನ್ನಿನ ಪಕ್ಕ ನೇತಾಡುತ್ತಿತ್ತು. ಮೊದಲು ಸುರುಳಿಯೊಳಗೆ ಹೋದ ಭಾಗ ಬೆಚ್ಚಗೆ ಒಳಗೆ ಕೂತು ಬಚಾವಾಗಿತ್ತು. ಕೆಂಗೇರಿಯ ಇಂಜಿನ್ನು, ಹೊಗೆ, ಬಾವುಟ ಹಿಡಿದ ಗಾರ್ಡು ಎಲ್ಲ ಇದ್ದವು. ಅಂಚಿನಲ್ಲಿ ತುಸು ಮಬ್ಬು, ಅಷ್ಟೇ. ನನ್ನ ಅರ್ಧ ಮಾತ್ರ ಕರೆಂಟಿನ ವೈರಿಗೆ ಸುತ್ತುವ ಟೇಪಿನಷ್ಟು ಕಪ್ಪಗಾಗಿತ್ತು. ಸಾರುವೆ, ಹುಲ್ಲು, ಎಮ್ಮೆಯ ಕಣ್ಣು, ಚಕ್ರದೊಳಗಿನ ಅಮ್ಮ, ಯಾವುದೂ ಇಲ್ಲ. ಗೆಳತಿಯದು ಉಳಿಯಿತಲ್ಲ ಎಂದು ಮೊದಲು ಉಸಿರು ಬಿಟ್ಟೆ. ಆಮೇಲೆ ಅತ್ತೆ.

ಅಮ್ಮ ಫಿಲಂ ತುದಿ ಹಿಡಿದು ಬೆಳಕಿಗೆ ನೋಡಿದಳು. ಸಮಾಧಾನ ಹೇಳಲಿಲ್ಲ. "ಇದ್ರಲ್ಲಿ ನಾನಿದ್ನಾ?" ಎಂದು ಕೇಳಿದಳು. ಇದ್ದೆ ಎಂದೆ. ಒಳಗೆ ಹೋಗಿ ಕಾಫಿ ಮಾಡಿ ತಂದಳು.

ಮರುದಿನ ಕ್ಯಾಮೆರಾ ವಾಪಸು ಹೋಯಿತು. ಕೆಂಗೇರಿಯವಳಿಗೆ ವಿಷಯ ಹೇಳಿದರೆ, "ನನ್ನ ಫೋಟೋದಲ್ಲಿ ಎರಡು ತಗೊಳ್ಳೇ, ಯಾರಿಗೆ ಗೊತ್ತಾಗತ್ತೆ," ಎಂದಳು. ಅವಳು ನಿಜವಾಗಿಯೂ ಕೊಡುತ್ತಿದ್ದಳು. ನಾನು ಬೇಡವೆಂದೆ. ಹೊಗೆಬಂಡಿಯ ಹೊಗೆ ಯಾರದೆಂದು ಮೇಷ್ಟ್ರಿಗೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಆಲ್ಬಮ್ ಕೊಡಲು ಆ ವಾರದ ಕೊನೆಯವರೆಗೆ ಸಮಯವಿತ್ತು. ನನ್ನ ಹತ್ತಿರ ಇದ್ದದ್ದು ಪ್ರಿಂಟಿಗೆಂದು ಇಟ್ಟುಕೊಂಡಿದ್ದ ಫೋಟೋ ಕಾಗದದ ಒಂದು ಪ್ಯಾಕೆಟ್ಟು, ಮತ್ತು ಮೇಷ್ಟ್ರ ಪಾಠದ ಕೊನೆಯ ವಿಧಾನ. ಆ ಬೀಗದ ಕೈ.

ಸಂಜೆ ಅದನ್ನೇ ಅಮ್ಮನಿಗೆ ವಿವರಿಸಿದೆ. ಕಾಗದದ ಮೇಲೆ ಏನಾದರೂ ಇಡಬೇಕು, ಬೆಳಕು ತೂರದ್ದು ಬೆಳ್ಳಗೆ, ಸ್ವಲ್ಪ ತೂರುವುದು ಬೂದಿ ಬಣ್ಣ, ಪೂರ್ತಿ ತೂರುವುದು ಕಪ್ಪು.

"ಸ್ವಲ್ಪ ತೂರೋದು ಅಂದ್ರೆ ಸಂಡಿಗೆ," ಎಂದಳು ಅಮ್ಮ, ಒಂದು ಕ್ಷಣವೂ ಯೋಚಿಸದೆ.

ಬೇಸಿಗೆಯಲ್ಲಿ ಒಣಗಿಸಿದ್ದ ಸಬ್ಬಕ್ಕಿ ಸಂಡಿಗೆ ಡಬ್ಬದಿಂದ ಬಂತು. ಆಮೇಲೆ ಬಂದದ್ದಕ್ಕೆ ಲೆಕ್ಕವಿಲ್ಲ. ರಾಗಿ ಜರಡಿ, ಜಾಲರಿ ಸೌಟು, ಒಣ ಶ್ಯಾವಿಗೆ, ಈರುಳ್ಳಿಯ ತೆಳು ಸಿಪ್ಪೆ, ರೇಡಿಯೋ ಮೇಲೆ ಹಾಸಿದ್ದ ಕ್ರೋಷಾ ಬಟ್ಟೆ, ಕರಿಬೇವಿನ ಎಸಳು, ಬಾಚಣಿಗೆ. ಬೆಳಕಿಗೆ ಅಪ್ಪನ ಟಾರ್ಚು. ಆ ವಾರದ ಮಧ್ಯಾಹ್ನಗಳಲ್ಲಿ ಅಮ್ಮ ಮೊದಲ ಬಾರಿಗೆ ನನ್ನ ಜೊತೆ ಬಚ್ಚಲೊಳಗೆ ಕೂತಳು. ಅವಳು ಮಣೆಯ ಮೇಲೆ, ನಾನು ಬೋರಲು ಹಾಕಿದ ಬಕೆಟ್ಟಿನ ಮೇಲೆ. ಕೆಂಪು ಬಲ್ಬಿನ ಕೆಳಗೆ ಇಬ್ಬರ ಮುಖವೂ ಕುಂಕುಮ ಮೆತ್ತಿದ ಹಾಗೆ ಕಾಣುತ್ತಿತ್ತು. ಟಾರ್ಚು ಒತ್ತಿ ಬಿಡುವ ಕೆಲಸ ಅಮ್ಮನದು. ಸಾಸಿವೆ ಸಿಡಿಯುವುದನ್ನು ಕಾದವಳಿಗೆ ಎಷ್ಟು ಹೊತ್ತು ಎಂದು ಹೇಳಿಕೊಡಬೇಕಾಗಲಿಲ್ಲ.

ಸಬ್ಬಕ್ಕಿ ಸಂಡಿಗೆ ಡೆವಲಪರಿನಲ್ಲಿ ನಿಧಾನವಾಗಿ ಮೂಡಿದಾಗ ಅದು ಸಂಡಿಗೆಯಾಗಿರಲಿಲ್ಲ. ಗುಳ್ಳೆಗುಳ್ಳೆಯಾದ, ಒಳಗಿನಿಂದ ಬೆಳಗುವ ಒಂದು ಚಂದ್ರ. ಅಮ್ಮ ತಟ್ಟೆಯ ಮೇಲೆ ಬಗ್ಗಿ ನೋಡಿ, "ಕರಿಯದೇನೆ ಅರಳ್ತಲ್ಲೇ," ಎಂದಳು.

ರಂಗೋಲಿಯ ಯೋಚನೆ ಅವಳದೇ. ಗಾಜಿನ ಮೇಲೆ ರಂಗೋಲಿ ಎಳೆದು, ಗಾಜನ್ನು ಕಾಗದದ ಮೇಲಿಟ್ಟರೆ ಹೇಗೆ ಎಂದಳು. ನಡುಮನೆಯಲ್ಲಿ ಗಾಜಿನ ಮೇಲೆ ಎಳೆ ಎಳೆದು, ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಬಂದಳು. ಹೊಸ್ತಿಲಲ್ಲಿ ನನ್ನ ಗೋಣಿಚೀಲ ಕಾಲಿಗೆ ಸಿಕ್ಕಿ ರಂಗೋಲಿಯೆಲ್ಲ ಒಂದು ಮೂಲೆಗೆ ಜಾರಿತು.

"ಹೋಗ್ಲಿ, ಅಲ್ಲೇ ಹಾಕ್ತೀನಿ. ನೀನು ಪೇಪರಿಟ್ಟು ಗಾಜು ಮುಚ್ಚು."

"ನಿಧಾನ ಆದ್ರೆ ಪೇಪರ್ ಮಬ್ಬಾಗತ್ತಮ್ಮ. ಕೆಂಪು ಬೆಳಕಾದ್ರೂ ತುಂಬಾ ಹೊತ್ತು ಇಡಬಾರದು."

"ಹಾಲಿನವನು ಬರೋದ್ರೊಳಗೆ ದಿನಾ ಹಾಕ್ತೀನಿ. ನಂಗೆ ನಿಧಾನದ ಮಾತು ಹೇಳ್ತೀಯಾ?"

ಒದ್ದೆ ಬೆರಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಚಿಟಿಕೆ ಪುಡಿ ತೆಗೆದುಕೊಂಡು, ಚುಕ್ಕಿಯನ್ನೂ ಇಡದೆ ಒಂದೇ ಉಸಿರಿನಲ್ಲಿ ಎಳೆದಳು. ಎಳೆ ಹೋಗಿ ಸುತ್ತಿ ಬಳಸಿ ಹೊರಟ ಜಾಗಕ್ಕೇ ಬಂದು ಸೇರಿತು. ನಾನು ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೆ, ನನ್ನ ಉಸಿರಿಗೆ ಪುಡಿ ಹಾರೀತೆಂದು. ಅಮ್ಮ ಕೈ ತೆಗೆಯುವ ಮೊದಲೇ ನಾನು ಟಾರ್ಚು ಒತ್ತಿಬಿಟ್ಟೆ. ಅದರಿಂದಾಗಿ ಕಾಗದದ ಮೇಲೆ ರಂಗೋಲಿಯ ಜೊತೆಗೆ ಅವಳ ನಾಲ್ಕು ಬೆರಳೂ, ಬಳೆಯ ಒಂದು ತುಂಡೂ ಬಂದವು. ಕಪ್ಪು ನೆಲದ ಮೇಲೆ ಬಿಳಿ ಎಳೆ. ನಮ್ಮ ಬಾಗಿಲ ಮುಂದೆ ಸಾರಿಸಿದ ಮೇಲೆ ಹೇಗಿರುತ್ತಿತ್ತೋ ಹಾಗೇ.

ಹಾಳಾಯಿತು ಎಂದುಕೊಂಡು ಇನ್ನೊಂದು ಮಾಡಿದೆವು, ಬೆರಳಿಲ್ಲದ್ದು. ಅದು ಚೊಕ್ಕಟವಾಗಿತ್ತು. ಆದರೆ ಎರಡನ್ನೂ ಹಗ್ಗಕ್ಕೆ ಹಾಕಿದಾಗ ಇಬ್ಬರೂ ಮೊದಲನೆಯದನ್ನೇ ನೋಡಿದೆವು.

ಆಲ್ಬಮ್ ಕೊಡುವ ದಿನ ಮೇಷ್ಟ್ರು ಪುಟ ತಿರುಗಿಸಿದರು. ನಾನು ಮೇಜಿನ ಎದುರು ನಿಂತಿದ್ದೆ. ಕೆಂಗೇರಿಯವಳು ಬಾಗಿಲ ಬಳಿ.

"ಕ್ಯಾಮೆರಾದ್ದು ಎಲ್ಲಮ್ಮ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಂಡೆ, ಮಟ್ಟೆ, ಬೂದಿ, ಕೆಂಪು ಏನೂ ಮಾಡುವುದಿಲ್ಲ ಎಂಬ ನನ್ನ ಮಾತು. ಕಪ್ಪಾದ ಫಿಲಂ ತುಂಡನ್ನೂ ಕೊಟ್ಟೆ. ಮೇಷ್ಟ್ರು ಕನ್ನಡಕ ತೆಗೆದು ನಕ್ಕರು. "ಇಷ್ಟು ವರ್ಷದಲ್ಲಿ ಬೀಡಿ ಹಚ್ಚಿ ಫಿಲಂ ಹಾಳು ಮಾಡ್ಕೊಂಡವರನ್ನ ನೋಡಿದೀನಿ. ಸ್ನಾನದ ನೀರು ಕಾಯಿಸಿ ಹಾಳು ಮಾಡ್ಕೊಂಡವಳು ನೀನೇ ಮೊದಲು." ಆಮೇಲೆ ಗಂಭೀರವಾದರು. "ಕೇಳಿದ್ದು ಅಷ್ಟೊಂದು ವಿಧಾನ. ನೀನು ತಂದಿರೋದು ಒಂದೇ. ಫುಲ್ ಮಾರ್ಕ್ಸ್ ಕೊಡಕ್ಕಾಗಲ್ಲ."

ಹೂಂ ಎಂದೆ. ಟೈಪಿಂಗ್ ಕ್ಲಾಸಿನ ಟಕಟಕ ಪಕ್ಕದ ಕೋಣೆಯಿಂದಲೇ ಕೇಳುತ್ತಿತ್ತು.

ಅವರು ಸಂಡಿಗೆಯ ಪುಟದಲ್ಲಿ ನಿಂತರು, ಏನೆಂದು ಕೇಳಿ ತಿಳಿದುಕೊಂಡರು, ಮತ್ತೆ ನೋಡಿದರು. ರಂಗೋಲಿಯ ಪುಟಕ್ಕೆ ಬಂದರು. "ಈ ಕೈ ಯಾರದು?"

"ನಮ್ಮಮ್ಮಂದು ಸಾರ್. ರಂಗೋಲಿನೂ ಅವರದೇ."

"ಹಾಗಾದ್ರೆ ಇದರ ಮಾರ್ಕ್ಸ್ ಅವರಿಗೆ. ನಿಂಗೆ ಉಳಿದದ್ದಕ್ಕೆ." ಅಲ್ಲೇ ಕೆಂಪು ಇಂಕಿನಲ್ಲಿ ಪಾಸಾಗುವಷ್ಟು ಬರೆದರು, ಅದಕ್ಕಿಂತ ಹೆಚ್ಚಿಲ್ಲ. ರಂಗೋಲಿಯ ಹಾಳೆಯನ್ನು ಮಾತ್ರ ಆಲ್ಬಮ್ಮಿನಿಂದ ಬಿಡಿಸಿ, ಲ್ಯಾಬಿನ ಗೋಡೆಗೆ ಪಿನ್ನು ಚುಚ್ಚಿದರು. "ಟರ್ಮ್ ಮುಗಿದ ಮೇಲೆ ಮನೆಗೆ ತಗೊಂಡು ಹೋಗು. ಮುಂದಿನ ಟರ್ಮಿಗೆ ಕ್ಯಾಮೆರಾ ನಿನಗೇ ಮೊದಲು. ಒಲೆ ಆರಿಸಿ ತೊಳಿ."

ಸಂಜೆ ಅಪ್ಪನ ಮುಂದೆ ಆಲ್ಬಮ್ ಇಟ್ಟೆ. ಅಪ್ಪ ಕಾಫಿ ಕುಡಿದು, ಕೈ ಒರೆಸಿಕೊಂಡು, ಒಂದೊಂದೇ ಪುಟ ನೋಡಿದರು. ಜರಡಿಯ ಚಿತ್ರದ ಹತ್ತಿರ ಬಂದಾಗ ಕಣ್ಣು ಸಣ್ಣ ಮಾಡಿದರು.

"ಇದು ಯಾವ ಲೆನ್ಸು?"

"ಲೆನ್ಸೇ ಇಲ್ಲಪ್ಪ. ನಿಮ್ಮ ಟಾರ್ಚು."

"ಅದಕ್ಕೇ ಸೆಲ್ಲು ಡೌನಾಗಿದೆ," ಎಂದರು. ಮಾರ್ಕ್ಸನ್ನು ನೋಡಿದರು. ಕಡಿಮೆ ಎಂದೂ ಅನ್ನಲಿಲ್ಲ, ಸಾಕು ಎಂದೂ ಅನ್ನಲಿಲ್ಲ. ಬಚ್ಚಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಇಣುಕಿದರೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಬಾಯಿಯನ್ನು ಗೇಣಿನಿಂದ ಅಳೆಯುತ್ತಿದ್ದರು. ಒಮ್ಮೆ ಅಳೆದರು. ಇನ್ನೊಮ್ಮೆ ಅಳೆದರು.

ಮುಂದಿನ ಭಾನುವಾರ ಮನೆಯ ಹಿಂದೆ ಹಳೆಯ ಎಣ್ಣೆ ಡಬ್ಬ ಕತ್ತರಿಸುವ ಸದ್ದು. ಮಧ್ಯಾಹ್ನದ ಹೊತ್ತಿಗೆ ಹಂಡೆಯ ಒಲೆಗೆ ಒಂದು ತಗಡಿನ ಮುಚ್ಚಳ ಸಿದ್ಧವಾಗಿತ್ತು. ಅಂಚು ಮಡಿಸಿದ್ದು, ಕೈ ಸುಡದಂತೆ ಮರದ ಹಿಡಿ ಇದ್ದದ್ದು, ಒಂದು ಎಳೆ ಬೆಳಕೂ ಹೊರಬಾರದಂತೆ ಕೂರುವಂಥದ್ದು. "ನೀರೂ ಕಾಯ್ಲಿ, ನಿನ್ ಕೆಲಸಾನೂ ಆಗ್ಲಿ," ಎಂದರು ಅಪ್ಪ. ಟೈಪಿಂಗಿನ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ನನಗೆ ಸಿಕ್ಕ ಒಪ್ಪಿಗೆ ಪತ್ರ ಆ ಎಣ್ಣೆ ಡಬ್ಬದ ತಗಡು. ಅದಕ್ಕೆ ನಾನು ಅವರಿಗೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೊಸ ಸೆಲ್ಲು ತಂದು ಟಾರ್ಚಿಗೆ ಹಾಕಿಟ್ಟೆ.

ಈಗ ಎಲ್ಲರ ಮನೆಯಲ್ಲೂ ಗೀಸರ್. ನನ್ನ ಮನೆಯಲ್ಲೂ ಅಷ್ಟೇ. ರಂಗೋಲಿಯ ಆ ಹಾಳೆ ಕನ್ನಡಿಯ ಪಕ್ಕ ಚೌಕಟ್ಟಿನೊಳಗೆ ಇದೆ. ಆ ವಾರ ನಲ್ಲಿಯಲ್ಲಿ ನೀರು ಕಡಿಮೆ ಬಂದು ಸರಿಯಾಗಿ ತೊಳೆಯಲಾಗಲಿಲ್ಲವಾದ್ದರಿಂದ ಒಂದು ಮೂಲೆ ಟೀ ಚೆಲ್ಲಿದ ಹಾಗೆ ಕಂದು ಬಣ್ಣವಾಗಿದೆ. ಎಳೆ ಮಾತ್ರ ಎಲ್ಲೂ ಕಡಿದಿಲ್ಲ.

ಡಿಗ್ರಿ ಮುಗಿಯುವವರೆಗೂ ನಾನು ಸಾಮಾನು ಹಿಡಿದು ಬಚ್ಚಲ ಕಡೆ ಹೊರಟಾಗಲೆಲ್ಲ ಅಮ್ಮ ಅಡುಗೆಮನೆಯಿಂದಲೇ ಕೇಳುತ್ತಿದ್ದಳು: "ಇವತ್ತು ಕೆಂಪಾ, ಕಪ್ಪಾ?" ಕಾಗದದ ಕೆಲಸವಾದರೆ ಕೆಂಪು. ಆಗ ಕೈ ಒರೆಸಿಕೊಂಡು ತಾನೂ ಒಳಗೆ ಬಂದು ಮಣೆಯ ಮೇಲೆ ಕೂರುವಳು. ಫಿಲಮ್ಮಿನದಾದರೆ ಕಪ್ಪು. ಆಗ ನನಗಿಂತ ಮುಂಚೆ ಹೋಗಿ, ಬಗ್ಗಿ, ತಗಡಿನ ಮುಚ್ಚಳವನ್ನು ಒಲೆಯ ಬಾಯಿಗೆ ಒತ್ತಿ ಕೂರಿಸಿ, ಅಂಗೈಯನ್ನು ಅಂಚಿನ ಸುತ್ತ ಆಡಿಸಿ ನೋಡಿ, "ಹೂಂ, ಹೋಗು" ಎಂದು ಬಾಗಿಲನ್ನು ಹೊರಗಿನಿಂದ ತಾನೇ ಎಳೆದುಕೊಳ್ಳುತ್ತಿದ್ದಳು.